ಬಾಯಿಪಾಠ ಬಿಟ್ಟ ಮೇಲೆ ಬಾಯಿ ಬಿಟ್ಟ ಹುಡುಗ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.)

ವಿಜಯಪುರದ ಒಂದು ಕಾಲೇಜಿನಲ್ಲಿ ಬಿ.ಕಾಂ ಓದುವ ಹುಡುಗ. ಊರು ಇಂಡಿ ಕಡೆ, ಮನೆಯಲ್ಲಿ ಲಿಂಬೆ ತೋಟ. ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ಸ್ ಬರುತ್ತವೆ. ಆದರೆ ಸೆಮಿನಾರ್ ಇದ್ದ ದಿನ ಹಾಸ್ಟೆಲ್ ಬಿಟ್ಟು ಹೊರಡುವುದೇ ಇಲ್ಲ. ಇಂಟರ್ನಲ್ ಮಾರ್ಕ್ಸ್ ಹೋಗುವ ಹೊತ್ತಿಗೆ ನನ್ನ ಹತ್ತಿರ ಬಂದ.

"ಓದಿದ್ದೆಲ್ಲಾ ತಲ್ಯಾಗ ಇರತೈತ್ರೀ ಮೇಡಂ. ಎದ್ದು ನಿಂತ್ರ ಒಂದೂ ಬರಂಗಿಲ್ಲ" ಎಂದ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕಾಲು ನಡುಗುತ್ತದೆ. ಜೇಬಿನಿಂದ ಒಂದು ಗುಳಿಗೆ ತೆಗೆದು ತೋರಿಸಿದ. ಗೆಳೆಯ ಕೊಟ್ಟಿದ್ದಂತೆ, ತಗೊಂಡರೆ ನಡುಕ ನಿಲ್ಲುತ್ತದಂತೆ. ನೋಡಿದರೆ ಪ್ರೊಪ್ರಾನೊಲಾಲ್, ಎದೆಬಡಿತ ನಿಧಾನ ಮಾಡುವ ಔಷಧ! ಚಳಿಗಾಲದಲ್ಲಿ ಈ ಹುಡುಗನಿಗೆ ಇನ್ಹೇಲರ್ ಬೇಕು. ಆಸ್ತಮಾ ಇದ್ದವರಿಗೆ ಈ ಗುಳಿಗೆಯಿಂದ ಶ್ವಾಸನಾಳ ಬಿಗಿದು ಉಸಿರಾಟ ಕಷ್ಟವಾಗಬಹುದು. ಪುಣ್ಯಕ್ಕೆ ಇನ್ನೂ ನುಂಗಿರಲಿಲ್ಲ. ಬೇರೆಯವರ ಗುಳಿಗೆ ಮುಟ್ಟಬಾರದು, ಡಾಕ್ಟರನ್ನು ಕೇಳದೆ ಯಾವ ಔಷಧವೂ ಬೇಡ ಎಂದು ಮೊದಲು ಹೇಳಿದ್ದೇ ಅದನ್ನು.

ಆಮೇಲೆ ಹೇಗೆ ತಯಾರಿ ಮಾಡುತ್ತೀ ಎಂದು ಕೇಳಿದೆ. ಸಮಸ್ಯೆಯ ಬೇರು ಅಲ್ಲೇ ಇತ್ತು. ಜಿಎಸ್‌ಟಿ ಬಗ್ಗೆ ನಾಲ್ಕು ಪುಟ ಇಂಗ್ಲಿಷ್. ಅದನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡುತ್ತಿದ್ದ. ಬಾಯಿಪಾಠದಲ್ಲಿ ಒಂದು ಪದದ ಬಾಲ ಹಿಡಿದು ಇನ್ನೊಂದು ಬರುತ್ತದೆ. ಒಂದು ಜಾರಿದರೆ ಮುಂದಿನದೆಲ್ಲ ನಿಂತೇ ಹೋಗುತ್ತದೆ. ಹೆದರಿಕೆ ಇದ್ದಾಗ ಜಾರುವುದು ಇನ್ನೂ ಸುಲಭ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಸೆಮಿನಾರ್ ಎಂದರೆ ಇಷ್ಟೇ ಅಲ್ವಾ? ಹುಡುಗರು ಒಪ್ಪಿಸುತ್ತಾರೆ, ಮೇಷ್ಟ್ರು ಹಿಂದೆ ಕೂತು ಹಾಜರಿ ತುಂಬುತ್ತಾರೆ. ಹೇಗೆ ಮಾತಾಡಬೇಕು ಅಂತ ಕಲಿಸುವವರು ಯಾರು? "ಧೈರ್ಯ ಮಾಡೋ" ಅನ್ನುವುದು ಕಲಿಸಿದ ಹಾಗಲ್ಲ.

ಸುಮ್ನೆ ಒಂದು ಪ್ರಶ್ನೆ ಹಾಕಿದೆ: ನಿಮ್ಮ ಲಿಂಬೆಗೆ ಜಿಎಸ್‌ಟಿ ಐತೇನು? ಕಣ್ಣು ಮಿಟುಕಿಸದೆ ಹೇಳಿದ, "ಹಣ್ಣಿಗಿಲ್ರೀ. ಅದನ್ನ ಉಪ್ಪಿನಕಾಯಿ ಹಾಕಿ ಬಾಟಲಿ ತುಂಬಿ ಮಾರಿದ್ರ ಐತಿ." ಉಪ್ಪಿನಕಾಯಿ ಮಾಡುವವನು ಬಾಟಲಿ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು, ತಾನು ಉಪ್ಪಿನಕಾಯಿ ಮಾರಿ ಕಟ್ಟಬೇಕಾದ ತೆರಿಗೆಯಿಂದ ಹೇಗೆ ಕಳೆಯುತ್ತಾನೆ ಎಂದೂ ವಿವರಿಸಿದ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಂದರೆ ಅದೇ. ದಲಾಲರ ಜೊತೆ ದರ ಮಾತಾಡುವ ಹುಡುಗನಿಗೆ ಮಾತು ಬರುವುದಿಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ಹೀಗಾಗಿ ಸಲಹೆ ಹೀಗಿತ್ತು. ನಾಲ್ಕು ಪುಟ ಮಡಚಿ ಇಡು. ಒಂದು ಸಣ್ಣ ಕಾರ್ಡಿನಲ್ಲಿ ಮೂರೇ ತಲೆಬರಹ ಬರಿ: ಹಣ್ಣು, ಉಪ್ಪಿನಕಾಯಿ, ಬಾಟಲಿ. ಮೊದಲ ಎರಡು ವಾಕ್ಯ ಮಾತ್ರ ಗಟ್ಟಿ ಮಾಡು, ಉಳಿದದ್ದನ್ನು ಪ್ರತಿ ಸಲ ಬೇರೆ ಮಾತಿನಲ್ಲಿ ಹೇಳು. ಕನ್ನಡದಲ್ಲಿ ಶುರುಮಾಡು, ಬೇಕಾದ ಕಡೆ ಇಂಗ್ಲಿಷ್ ಪದ ಬರಲಿ. ಇದಕ್ಕೆ ಅವನ ಒಪ್ಪಿಗೆ ಪಡೆದು ಉಪನ್ಯಾಸಕರ ಹತ್ತಿರ ಮಾತಾಡಿದೆ. ತರಗತಿಯಲ್ಲಿ ಅವನನ್ನು ಏಕಾಏಕಿ ಎಬ್ಬಿಸಬೇಡಿ ಎಂದೂ ಕೇಳಿಕೊಂಡೆ. ಒಪ್ಪಿದರು.

ಅಭ್ಯಾಸ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಕೋಣೆಯಲ್ಲಿ ಒಬ್ಬನೇ, ನಿಂತುಕೊಂಡು, ಜೋರಾಗಿ. ಆಮೇಲೆ ರೂಮ್‌ಮೇಟ್ ಎದುರು. ಆಮೇಲೆ ಖಾಲಿ ತರಗತಿಯಲ್ಲಿ ಮೂರು ನಾಲ್ಕು ಗೆಳೆಯರ ಎದುರು. ಒಂದೇ ಷರತ್ತು: ಎದೆ ಹೊಡೆದುಕೊಂಡಿತು ಅಂತ ನಡುವೆ ಓಡಬಾರದು. ಓಡಿದಾಗ ಸಿಗುವ ಹಾಯ್ ಎನ್ನುವ ಸಮಾಧಾನವೇ ಹೆದರಿಕೆಗೆ ಗೊಬ್ಬರ. ನಿಂತರೆ ಅದು ತಾನಾಗಿ ಇಳಿಯುತ್ತದೆ.

ಗೆಳೆಯರ ಎದುರು ಮಾತಾಡಿದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಸಿದೆವು. ನೋಡುವ ಮೊದಲು, "ಕಾಲು ಎಷ್ಟು ನಡುಗಿರತಾವ ನೋಡ್ರಿ" ಎಂದಿದ್ದ. ನೋಡಿದರೆ ಕಾಣಿಸಲೇ ಇಲ್ಲ! ಒಳಗಿನ ಗಾಬರಿ ಎಲ್ಲರಿಗೂ ಎದ್ದು ಕಾಣುತ್ತದೆ ಎಂದು ನಾವು ಲೆಕ್ಕ ಹಾಕುತ್ತೇವೆ, ಕಾಣುವುದು ಅದಕ್ಕಿಂತ ಎಷ್ಟೋ ಕಡಿಮೆ. ಸ್ಯಾವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಅಮೆರಿಕದ ಸಂಶೋಧಕರು 2003ರಲ್ಲಿ ಇದನ್ನೇ ಪರೀಕ್ಷಿಸಿದರು. ಈ ಸಂಗತಿಯನ್ನು ಮೊದಲೇ ಕೇಳಿ ತಿಳಿದಿದ್ದ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಭಾಷಣ ಮಾಡಿದ್ದರು.

ಒಂದು ಮಾತು. ವೇದಿಕೆ ಮಾತ್ರವಲ್ಲ, ಕ್ಯಾಂಟೀನಿನಲ್ಲಿ ಉಣ್ಣುವುದು, ಫೋನ್ ಎತ್ತುವುದು, ಅಂಗಡಿಯಲ್ಲಿ ಕೇಳುವುದು ಎಲ್ಲಕ್ಕೂ ಹೀಗೇ ಹೆದರಿಕೆಯಾಗಿ ಆರು ತಿಂಗಳು ದಾಟಿದರೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಈ ಹುಡುಗನಿಗೆ ಅಷ್ಟು ಬೇಕಾಗಲಿಲ್ಲ.

ಸೆಮಿನಾರ್ ಆಯಿತು. ನಡುವೆ ಒಮ್ಮೆ ತಡವರಿಸಿದ, ಕಾರ್ಡ್ ನೋಡಿದ, ಮುಂದುವರಿಸಿದ. ಯಾರೋ ಕೇಳಿದ ಪ್ರಶ್ನೆಗೆ "ಗೊತ್ತಿಲ್ಲ, ನೋಡಿ ಹೇಳ್ತೀನಿ" ಎಂದನಂತೆ. ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ. ಮಾರ್ಕ್ಸ್ ಸಾಧಾರಣ. ಈಗ ಪ್ಲೇಸ್‌ಮೆಂಟಿನ ಗ್ರೂಪ್ ಡಿಸ್ಕಷನ್‌ಗೆ ತಯಾರಿ ನಡೆದಿದೆ. ಅಲ್ಲಿ ಬೇರೆಯವರ ಮಾತಿನ ನಡುವೆ ಜಾಗ ಮಾಡಿಕೊಂಡು ಹೇಳಬೇಕು, ಕಾರ್ಡ್ ಕೆಲಸಕ್ಕೆ ಬರುವುದಿಲ್ಲ. ಅದನ್ನು ಹಾಸ್ಟೆಲಿನ ಊಟದ ಹೊತ್ತಿನ ಕ್ರಿಕೆಟ್ ಜಗಳದಲ್ಲೇ ಶುರುಮಾಡು ಎಂದಿದ್ದೇನೆ.