ಮಸಾಜ್‌ನಿಂದ ದೇಹಕ್ಕೆ, ಮನಸ್ಸಿಗೆ ನಿಜವಾಗಿ ಏನಾದರೂ ಆಗುತ್ತಾ, ಇಲ್ಲ ಸುಮ್ನೆ ಹಿತ ಅನಿಸುತ್ತೆ ಅಷ್ಟೇನಾ?

ಆಗುತ್ತದೆ. ನಾನು ಮಸಾಜ್ ಥೆರಪಿಸ್ಟ್, ದಿನಾ ನೋಡುತ್ತೇನೆ. ಮಲಗಿದವರ ತೋಳನ್ನು ಮಣಿಕಟ್ಟಿನ ಹತ್ತಿರ ಹಿಡಿದು ಮೇಲೆತ್ತಿ, "ಭಾರ ಪೂರ್ತಿ ನನ್ನ ಕೈಗೆ ಬಿಡಿ" ಅನ್ನುತ್ತೇನೆ. "ಬಿಟ್ಟಿದ್ದೀನಲ್ಲ" ಅನ್ನುತ್ತಾರೆ. ನಾನು ಮೆಲ್ಲಗೆ ಕೈ ತೆಗೆದರೆ ತೋಳು ಗಾಳಿಯಲ್ಲೇ ನಿಂತಿರುತ್ತದೆ! ಬಿಗಿಹಿಡಿದಿದ್ದೇವೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅದೇ ತೋಳು ನಿದ್ದೆ ಹೋದ ಮಗುವಿನಷ್ಟು ಭಾರವಾಗಿರುತ್ತದೆ.

ಸ್ನಾಯುವನ್ನು ನಾವು ಹಿಟ್ಟಿನ ಹಾಗೆ ನಾದಿ ಮೆತ್ತಗೆ ಮಾಡುತ್ತೇವೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಮುಖ್ಯ ಕೆಲಸ ನಡೆಯುವುದು ನರಗಳಲ್ಲಿ. ರೋಮವಿರುವ ಚರ್ಮದಲ್ಲಿ ನಿಧಾನ ಸ್ಪರ್ಶಕ್ಕೆ ಓಗೊಡುವ ಸಣ್ಣ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ನೀವಿದರೆ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ಅಂದರೆ ಮಣಿಕಟ್ಟಿನಿಂದ ಮೊಣಕೈವರೆಗೆ ಹೋಗಲು ಐದಾರು ಸೆಕೆಂಡು. ಮಗುವಿನ ಬೆನ್ನು ಸವರುವಾಗ ಯಾರೂ ಹೇಳಿಕೊಡದೆಯೇ ನಮ್ಮ ಕೈ ಇದೇ ವೇಗಕ್ಕೆ ಬರುತ್ತದೆ, ಅಲ್ವಾ? ಆಮೇಲೆ ಉಸಿರು ಉದ್ದವಾಗುತ್ತದೆ, ಎದೆಬಡಿತ ಸ್ವಲ್ಪ ಇಳಿಯುತ್ತದೆ. ಕೆಲವರ ಹೊಟ್ಟೆ ಗುಡುಗುಡು ಅನ್ನುತ್ತದೆ, ಅವರು ನಾಚಿಕೊಳ್ಳುತ್ತಾರೆ. ನನಗಂತೂ ಅದು ಕೇಳಲು ಖುಷಿ. ದೇಹ ಗಾಬರಿ ಬಿಟ್ಟು ಜೀರ್ಣದ ಕೆಲಸಕ್ಕೆ ಮರಳಿದೆ ಅಂತ ಗೊತ್ತಾಗುತ್ತದೆ.

ಮನಸ್ಸಿಗೂ ಇದೇ ದಾರಿಯಲ್ಲಿ ನೆಮ್ಮದಿ. ಆತಂಕ ಕಡಿಮೆಯಾಗುತ್ತದೆ. ಕೆಲವರು ಸದ್ದಿಲ್ಲದೆ ಅಳುತ್ತಾರೆ. ನಾನು ಕಾರಣ ಕೇಳುವುದಿಲ್ಲ, ಕೈಯನ್ನು ಅಲ್ಲೇ ಇಟ್ಟುಕೊಂಡಿರುತ್ತೇನೆ.

ಜೋರು ವ್ಯಾಯಾಮದಲ್ಲಿ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಮಸಾಜ್‌ನಿಂದ ಹೊರಗೆ ಹೋಗುತ್ತದೆ ಅನ್ನುವ ಮಾತು ಮಾತ್ರ ನಂಬಬೇಡಿ. 2012ರ ಒಂದು ಅಧ್ಯಯನದಲ್ಲಿ 11 ಯುವಕರಿಗೆ ಸುಸ್ತಾಗುವಷ್ಟು ವ್ಯಾಯಾಮ ಮಾಡಿಸಿ, ಒಂದೇ ಕಾಲಿಗೆ 10 ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಲ್ಯಾಕ್ಟಿಕ್ ಆಸಿಡ್‌ನಲ್ಲಿ ವ್ಯತ್ಯಾಸವೇ ಇರಲಿಲ್ಲ. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆ ಇದ್ದವು.

ಬೆನ್ನು, ಕತ್ತಿನ ನೋವಿಗೆ ಸಿಗುವ ಆರಾಮ ಬಹುಮಟ್ಟಿಗೆ ತಾತ್ಕಾಲಿಕ. ಕೂರುವ ರೀತಿ ಬದಲಾಗದಿದ್ದರೆ ನೋವು ವಾಪಸ್ ಬರಬಹುದು. ಜೋರಾಗಿ ಒತ್ತಿದಷ್ಟೂ ಒಳ್ಳೆಯದು ಅನ್ನುವುದೂ ತಪ್ಪು. ನೀವು ಉಸಿರು ಬಿಗಿಹಿಡಿದಿರೋ, ಒತ್ತಡ ಜಾಸ್ತಿಯಾಯಿತು ಅಂತಲೇ ಅರ್ಥ. ತಕ್ಷಣ ಹೇಳಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಮಸಾಜ್ ಬೇಡವೇ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ಮೊದಲು ಡಾಕ್ಟರ ಹತ್ತಿರ ಹೋಗಿ.