ವೈದ್ಯರನ್ನು ಅಮಾನತು ಮಾಡುವ ಮೊದಲು ವಿಚಾರಣೆ ಬೇಕೇ ಬೇಕಾ?

ದೂರು ಗಂಭೀರವಾಗಿದ್ದರೆ ವೈದ್ಯರನ್ನು ನೇರವಾಗಿ ಅಮಾನತು ಮಾಡಬಹುದಲ್ವಾ ಎಂದು ಕೇಳಿದ್ದೀರಿ. ರೋಗಿಗಳಿಗೆ ಅಪಾಯವಿದ್ದರೆ ತಾತ್ಕಾಲಿಕವಾಗಿ ಮಾಡಬಹುದು. ಆದರೆ ಅದು ಶಿಕ್ಷೆಯಲ್ಲ, ತನಿಖೆ ಮುಗಿಯುವವರೆಗಿನ ಮುನ್ನೆಚ್ಚರಿಕೆ. ಶಿಕ್ಷೆಯಾಗಿ ಅಮಾನತು ಮಾಡಬೇಕಾದರೆ ಮೊದಲು ನೋಟಿಸ್ ಕೊಡಬೇಕು. ಸುಮ್ನೆ ‘ದುರ್ನಡತೆ’ ಎಂದು ಬರೆದರೆ ಸಾಲದು. ಯಾವ ರೋಗಿ, ಯಾವ ದಿನ, ಏನು ತಪ್ಪು ಎಂದು ಹೇಳಬೇಕು. ಕೇಸ್ ಶೀಟಿನ ಪ್ರತಿಯೂ ಕೈಗೆ ಸಿಗಬೇಕು. ಅದನ್ನು ನೋಡದೆ ಉತ್ತರ ಕೊಡುವುದಾದರೂ ಹೇಗೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ತೀರ್ಪು ಕೊಡುವವರು ಯಾರು ಎಂಬುದು. ಲಂಡನ್ನಿನಲ್ಲಿ ವೈದ್ಯರಿಗೆ ಪರವಾನಗಿ ಕೊಡುತ್ತಿದ್ದ ಸಂಸ್ಥೆಯಾದ ವೈದ್ಯರ ಕಾಲೇಜು, ತನ್ನ ಪರವಾನಗಿ ಇಲ್ಲದೆ ಚಿಕಿತ್ಸೆ ಕೊಟ್ಟ ಡಾ. ಬಾನ್‌ಹ್ಯಾಮ್‌ಗೆ ದಂಡ ಹಾಕಿ ಜೈಲಿಗೂ ಕಳಿಸಿತ್ತು. ದಂಡದಲ್ಲಿ ಅರ್ಧ ಆ ಕಾಲೇಜಿಗೇ ಸೇರುತ್ತಿತ್ತು! ತನ್ನದೇ ಕೇಸಿಗೆ ತಾನೇ ಜಡ್ಜ್ ಆಗುವಂತಿಲ್ಲ ಎಂದು 1610ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಕೋಕ್ ಹೇಳಿದರು. ದೂರು ಕೊಟ್ಟವರೇ ಸಮಿತಿಯಲ್ಲಿ ಕೂತರೆ ಆದೇಶ ಇವತ್ತಿಗೂ ನಿಲ್ಲುವುದು ಕಷ್ಟ. ಆದೇಶದಲ್ಲಿ ಕಾರಣ ಬರೆದಿರಬೇಕು, ಮೇಲ್ಮನವಿಗೂ ದಾರಿ ಇರಬೇಕು.