ಕೀಮೋ ನಂತರದ ಜ್ವರಕ್ಕೆ ಕಲ್ಚರ್ ವರದಿ ಬರುವವರೆಗೆ ಆಂಟಿಬಯಾಟಿಕ್ ತಡೆಯಬಹುದೇ?

ಎಕ್ಸ್‌ರೇ, ಮೂತ್ರ ಪರೀಕ್ಷೆ ಎರಡೂ ನಾರ್ಮಲ್ ಇರುವಾಗ ನಿಮ್ಮ ತಾಯಿಗೆ ಅಷ್ಟು ಬಲವಾದ ಆಂಟಿಬಯಾಟಿಕ್ ಏಕೆ, ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ವರದಿಗೆ ಕಾಯಬಾರದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ.

ನನ್ನ ತಂದೆಗೆ ಎಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇತ್ತು. ಮೊದಲ ಸುತ್ತಿನ ಕೀಮೋ ಮುಗಿದು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಸಂಖ್ಯೆ ತೀರಾ ಕುಸಿದಿದ್ದಾಗ, ಒಂದು ರಾತ್ರಿ ವಾರ್ಡಿನಲ್ಲೇ ಅವರಿಗೆ ಚಳಿಜ್ವರ ಬಂತು. ನಾನು ನರ್ಸ್‌ಗೆ ಹೇಳದೆ ನನ್ನ ಚೀಲದಲ್ಲಿದ್ದ ಪ್ಯಾರಾಸಿಟಮಾಲ್ ನುಂಗಿಸಿದೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮಾಡುತ್ತಿದ್ದುದು ಅದನ್ನೇ. ಅವರ ನಿದ್ದೆ ಕೆಡಬಾರದು ಎಂಬುದಷ್ಟೇ ನನ್ನ ಯೋಚನೆಯಾಗಿತ್ತು. ನರ್ಸ್ ಬರುವ ಹೊತ್ತಿಗೆ ಮೈ ಬೆವತು, ಥರ್ಮಾಮೀಟರ್ 99 ಡಿಗ್ರಿ ತೋರಿಸಿತು. ಚಾರ್ಟಿನಲ್ಲಿ ಅದೇ ದಾಖಲಾಯಿತು. ಮಾತ್ರೆ ಸೋಂಕನ್ನು ಮುಟ್ಟಿರಲಿಲ್ಲ, ಸೋಂಕು ಇದೆ ಎಂದು ತಿಳಿಸಲು ಉಳಿದಿದ್ದ ಒಂದೇ ಗುರುತನ್ನು ಅಳಿಸಿತ್ತು. ಆ ಚಾರ್ಟನ್ನು ನೋಡಿದ ಯಾವ ವೈದ್ಯರಿಗೂ ಅವರನ್ನು ಎಬ್ಬಿಸಿ ರಕ್ತ ತೆಗೆಯಲು ಕಾರಣವಿರಲಿಲ್ಲ, ಏಕೆಂದರೆ ಆ ಕಾರಣವನ್ನು ಬಚ್ಚಿಟ್ಟವನು ನಾನು. ಬೆಳಗಿನ ಜಾವ ಕೈಕಾಲು ತಣ್ಣಗಾಗಿ, ರಕ್ತದೊತ್ತಡ ಕುಸಿದು, ಅವರನ್ನು ಐಸಿಯುಗೆ ಒಯ್ದರು. ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಅಪ್ಪ ಉಳಿದರು, ಆದರೆ ಮೂತ್ರಪಿಂಡಗಳು ಸುಧಾರಿಸುವವರೆಗೆ ಮುಂದಿನ ಕೀಮೋ ನಿಂತಿತು.

ಕೀವಿನಲ್ಲಿ ಬಹುಪಾಲು ಇರುವುದು ಸತ್ತ ನ್ಯೂಟ್ರೋಫಿಲ್‌ಗಳೇ. ಅವೇ ಇಲ್ಲದ ದೇಹದಲ್ಲಿ ಕೀವು ಕಟ್ಟುವುದಿಲ್ಲ, ನ್ಯುಮೋನಿಯಾ ಇದ್ದರೂ ಎಕ್ಸ್‌ರೇಯಲ್ಲಿ ಮಚ್ಚೆ ಮೂಡದಿರಬಹುದು, ಮೂತ್ರದಲ್ಲಿ ಬಿಳಿ ರಕ್ತಕಣ ಕಾಣದಿರಬಹುದು. ಆದ್ದರಿಂದ ನಿಮ್ಮ ಕೈಯಲ್ಲಿರುವ ನಾರ್ಮಲ್ ವರದಿಗಳು ಸೋಂಕಿಲ್ಲ ಎಂಬುದಕ್ಕೆ ಪುರಾವೆಯಲ್ಲ. ನ್ಯೂಟ್ರೋಫಿಲ್ ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಿದ್ದು, ಜ್ವರ ಒಮ್ಮೆ 101 ಡಿಗ್ರಿ ಮುಟ್ಟಿದರೆ ಅಥವಾ 100.4 ಒಂದು ಗಂಟೆ ನಿಂತರೆ ಅದನ್ನು ತುರ್ತುಸ್ಥಿತಿ ಎಂದೇ ಪರಿಗಣಿಸುತ್ತಾರೆ. ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು, ಮತ್ತು ಅದು ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲ ಪಿಪರಾಸಿಲಿನ್-ಟ್ಯಾಜೋಬ್ಯಾಕ್ಟಮ್, ಸೆಫೆಪೈಮ್ ಅಥವಾ ಮೆರೊಪೆನೆಮ್‌ನಂಥದ್ದಾಗಿರಬೇಕು. ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರವೂ ಬಾರದಿರಬಹುದು. ಅಂಥವರ ಉಸಿರು ಏರಿದರೆ, ಮಾತು ತಡವರಿಸಿದರೆ, ಬಿಪಿ ಇಳಿದರೆ ಅದನ್ನೇ ಜ್ವರವೆಂದು ತಿಳಿಯಬೇಕು.

ಔಷಧ ಅತಿಯಾಯಿತೇ ಎಂಬ ನಿಮ್ಮ ಆತಂಕಕ್ಕೆ ಅರ್ಥವಿದೆ, ಆದರೆ ಅದನ್ನು ಕೇಳುವ ಸಮಯ ಇದಲ್ಲ. ಈಗ ಕೇಳಬೇಕಾದದ್ದು, ಮೊದಲ ಡೋಸಿಗೆ ಮುನ್ನ ಸೆಂಟ್ರಲ್ ಲೈನಿನಿಂದಲೂ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ, ಇದ್ದರೆ) ಕೈಯ ರಕ್ತನಾಳದಿಂದಲೂ ಕಲ್ಚರ್‌ಗೆ ರಕ್ತ ತೆಗೆದಿದ್ದಾರೆಯೇ ಎಂದು. ಎರಡು-ಮೂರು ದಿನಗಳಲ್ಲಿ ವರದಿ ಬಂದು ತಾಯಿ ಸ್ಥಿರವಾಗಿದ್ದರೆ, ಆಗ ವರದಿಯಲ್ಲಿ ಕಂಡ ಬ್ಯಾಕ್ಟೀರಿಯಾಕ್ಕಷ್ಟೇ ಸೀಮಿತವಾದ ಔಷಧಕ್ಕೆ ಬದಲಿಸಬಹುದೇ ಎಂದು ವಿಚಾರಿಸಿ. ನಾಲ್ಕರಿಂದ ಏಳು ದಿನ ಕಳೆದರೂ ಜ್ವರ ಇಳಿಯದಿದ್ದರೆ ಶಿಲೀಂಧ್ರದ ಸೋಂಕನ್ನು ಹುಡುಕಲು ಎದೆಯ ಸಿಟಿ ಸ್ಕ್ಯಾನ್ ಯಾವಾಗ ಎಂದೂ ಕೇಳಿ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಆದರೂ ಸರಿ, ನರ್ಸ್ ಚಾರ್ಟಿನಲ್ಲಿ ಬರೆಯದ ಯಾವ ಮಾತ್ರೆಯನ್ನೂ ತಾಯಿಗೆ ಕೊಡಬೇಡಿ.